ಕರಾವಳಿಯ ಗ್ರಂಥಗಳಲ್ಲಿ ಗೃಹಿಣಿಯ ಒಲೆ

ಗೃಹಕೃತ್ಯವು ಉತ್ತಮ ಸಾಹಿತ್ಯಕ್ಕೆ ತಕ್ಕ ವಸ್ತುವಲ್ಲವೆಂಬ ಅಭಿಪ್ರಾಯವು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ನೆಲೆಯೂರಿರುವುದು. ಯುದ್ಧ, ವಿರಹ, ವೈರಾಗ್ಯ ಇವು ದೊಡ್ಡ ವಸ್ತುಗಳು; ಮಕ್ಕಳಿಗೆ ಉಣಬಡಿಸಿ, ದೇವರಿಗೆ ದೀಪವಿಟ್ಟು, ಮರುದಿನಕ್ಕೆ ಅಕ್ಕಿ ನೆನೆಹಾಕಿ ಮಲಗುವ ಹೆಂಗಸಿನ ದಿನಚರಿ ಸಣ್ಣದು. ‘ಅಡುಗೆಮನೆಯ ಸಾಹಿತ್ಯ’ ಎಂಬ ಮಾತನ್ನು ಹೊಗಳಿಕೆಯಾಗಿ ಆಡಿದವರು ವಿರಳ. ಇದಕ್ಕೆ ಎದುರಾಗಿ ಇನ್ನೊಂದು ಪಂಥವುಂಟು. ಅವರಿಗೆ ಗೃಹಿಣಿಯು ಅನ್ನಪೂರ್ಣೆ, ಸಾಕ್ಷಾತ್ ಲಕ್ಷ್ಮಿ. ಆಕೆಯ ಕೈರುಚಿ ಅಮೃತ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಎರಡರ ದೋಷವೂ ಒಂದೇ. ತೆಗಳುವವನಾಗಲಿ ಹೊಗಳುವವನಾಗಲಿ ಒಲೆಯ ಬಳಿ ಹೋಗಿ ನೋಡಿದವನಲ್ಲ. ಆಕೆ ಅಲ್ಲಿ ಏನನ್ನು ಬಲ್ಲಳು, ಯಾವುದನ್ನು ತೂಗಿ ನೋಡಿ ತೀರ್ಮಾನಿಸುವಳು ಎಂಬುದು ಇಬ್ಬರಿಗೂ ಬೇಡವಾದ ಸಂಗತಿ.

ಈ ಮಾತನ್ನು ಪರೀಕ್ಷಿಸುವುದಕ್ಕೆ ಉಡುಪಿಯ ಸೀಮೆಗಿಂತ ಒಳ್ಳೆಯ ನೆಲವಿಲ್ಲ. ಊರಿನ ಹೆಸರೇ ಊಟದ ಹೆಸರಾಗಿ ದೇಶದಲ್ಲೆಲ್ಲ ಹಬ್ಬಿದ ಉದಾಹರಣೆಗಳು ಎಷ್ಟಿವೆ? ಆದರೆ ಆ ಕೀರ್ತಿಯು ಯಾರ ಪಾಲಿಗೆ ಬಂದಿತೆಂದು ವಿಚಾರಿಸಬೇಕು. ಮಠದ ಪಾಕಶಾಲೆಯಲ್ಲಿ ಅಡುಗೆ ಮಾಡಿದವರು ಗಂಡಸರು. ಕಾರ್ಕಳದ ಕಡೆಯ ಕಡಂದಲೆಯವರಾದ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ‘ವುಡ್‌ಲ್ಯಾಂಡ್ಸ್’ ಹೋಟೆಲನ್ನು ತೆರೆದರು. ಅದಕ್ಕೂ ಮೊದಲು, 1924ರಲ್ಲಿ, ಕೋಟದ ಕಡೆಯ ಮಯ್ಯ ಸೋದರರು ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಎಂ.ಟಿ.ಆರ್. ಎಂದು ಪ್ರಸಿದ್ಧವಾಯಿತು. ಇವರ ಉದ್ಯಮಶೀಲತೆ ಪ್ರಶಂಸೆಗೆ ಅರ್ಹವೆಂಬುದು ನಿರ್ವಿವಾದ. ಆದರೆ ಅದೇ ಸೀಮೆಯ ಸಾವಿರಾರು ಮನೆಗಳಲ್ಲಿ ಬಾಗಿಲ ಹೊರಗೆ ಹೆಸರಿಲ್ಲದೆ ಅದೇ ವಿದ್ಯೆಯನ್ನು ನಡೆಸಿಕೊಂಡು ಬಂದ ತಾಯಂದಿರ ಲೆಕ್ಕವನ್ನು ಯಾವ ಹೋಟೆಲಿನ ಇತಿಹಾಸವೂ ಇಟ್ಟಿಲ್ಲ. ಇಟ್ಟಿದ್ದರೆ ಸಾಹಿತ್ಯವು ಇಟ್ಟಿರಬೇಕು.

ಪಾಕವಿದ್ಯೆಯನ್ನು ಬರೆದಿಡುವ ವಾಡಿಕೆ ಕನ್ನಡಕ್ಕೆ ಹೊಸತಲ್ಲ. 16ನೆಯ ಶತಮಾನದ ಆದಿಭಾಗದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿಯೇ ರಚಿಸಿದನು. ಅದರಲ್ಲಿ ಹಿಟ್ಟಿನ ತಿನಿಸುಗಳಿಗೆ ಪ್ರತ್ಯೇಕವಾದ ಸ್ಥಾನವುಂಟು. ಕೆಳಗೂ ಮೇಲೂ ಕೆಂಡವನ್ನಿರಿಸಿ ನಡುವೆ ಬೇಯಿಸುವ ಮುಚ್ಚಳರೊಟ್ಟಿಯು ಅಲ್ಲಿ ಬರುವುದು. ಬೇಕರಿ, ಓವನ್ ಎಂಬ ಶಬ್ದಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಸುಟ್ಟು ಬೇಯಿಸುವ ಕ್ರಮವನ್ನು ಕನ್ನಡ ಕವಿಯೊಬ್ಬನು ಷಟ್ಪದಿಯಲ್ಲಿ ಕೂರಿಸಿದನೆಂಬುದು ಹೆಮ್ಮೆಪಡತಕ್ಕ ಸಂಗತಿಯೇ ಸರಿ. ಆದರೂ ಆ ಗ್ರಂಥದಲ್ಲಿ ತಿನಿಸುಂಟು, ತಿನ್ನುವವನ ರಸಿಕತೆಯುಂಟು. ಹೊಗೆಗೆ ಕಣ್ಣು ಕೆಂಪಾದ ಮನುಷ್ಯರೊಬ್ಬರೂ ಇಲ್ಲ.

ಇದೇ ಕ್ರಮದ ತಿನಿಸು ಕರಾವಳಿಯ ಮನೆಗಳಲ್ಲಿ ಕೆಂಡದಡ್ಯೆ ಎಂಬ ಹೆಸರಿನಿಂದ ಉಳಿದುಬಂದಿರುವುದು. ನೆನೆದ ಬೆಳ್ತಿಗೆ ಅಕ್ಕಿಗೆ ತೆಂಗಿನತುರಿ, ಬೆಲ್ಲ, ಹಲಸಿನ ಹಣ್ಣು ಅಥವಾ ಸೌತೆಕಾಯಿ ಸೇರಿಸಿ ರುಬ್ಬಿ, ಬಾಡಿಸಿದ ಬಾಳೆಲೆಯನ್ನು ಹಾಸಿದ ದಪ್ಪ ತಳದ ಪಾತ್ರೆಯಲ್ಲಿ ಹೊಯ್ದು ಮುಚ್ಚುವರು. ಒಲೆಯ ಉರಿಯನ್ನು ತಗ್ಗಿಸಿ, ಮುಚ್ಚಳದ ಮೇಲೆ ಕೆಂಡವನ್ನು ಹರಡುವರು. ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ದೋಸೆಯಾದರೆ ಕಣ್ಣೆದುರಿಗಿದೆ, ಸಾರಾದರೆ ಸೌಟಿನಿಂದ ರುಚಿ ನೋಡಬಹುದು. ಅಡ್ಯೆಯನ್ನು ನೋಡುವಂತಿಲ್ಲ. ಕೆಂಡ ಹೊತ್ತ ಮುಚ್ಚಳವನ್ನು ಮತ್ತೆ ಮತ್ತೆ ತೆಗೆದರೆ ಬೂದಿ ಬೀಳುವುದು, ಕಾವು ಆರುವುದು. ಬಾಳೆಲೆ ಸೀಯುವ ವಾಸನೆಯಿಂದಲೂ ಬೆಲ್ಲ ಕರಗಿ ಕೆಂಪಾಗುವ ವಾಸನೆಯಿಂದಲೂ ಒಳಗಿನ ಹದವನ್ನು ಊಹಿಸಬೇಕು. ಅಳತೆಯನ್ನು ಪುಸ್ತಕ ಹೇಳೀತು; ಹದವನ್ನು ಹೇಳಲಾರದು. ಮನೆವಾಳ್ತೆಯ ಬಹುಭಾಗ ಇಂತಹುದೇ. ಮುಚ್ಚಿದ ಪಾತ್ರೆಯ ಒಳಗನ್ನು ಬಲ್ಲ ಈ ವಿವೇಕವನ್ನು ಯಾವ ಕೃತಿಯು ಕಾಣಿಸಿತು ಎಂಬುದೇ ಇಲ್ಲಿಯ ಪ್ರಶ್ನೆ.

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಹೋದ ಲಕ್ಷ್ಮೀನಾರಣಪ್ಪನನ್ನು, ಎಂದರೆ ಮುದ್ದಣನನ್ನು, ಮೊದಲು ಸ್ಮರಿಸಬೇಕು. ಮಳೆಗಾಲದ ಒಂದು ದಿನ ಮನೆಗೆ ಬಂದ ಗಂಡನಿಂದ ಕಥೆಯನ್ನು ಬೇಡುವ ಮನೋರಮೆಯು ‘ಶ್ರೀರಾಮಾಶ್ವಮೇಧ’ಕ್ಕೆ ಜೀವ. ಆಕೆ ಬರಿಯ ಕೇಳುಗಳಲ್ಲ. ಅಡ್ಡಬಂದು ಕೇಳುವಳು, ಗೇಲಿ ಮಾಡುವಳು, ಪಾಂಡಿತ್ಯದ ಆಟೋಪವನ್ನು ಒಪ್ಪದೆ ತನಗೆ ತಿಳಿಯುವಂತೆ ಹೇಳೆಂದು ಹಟ ಹಿಡಿಯುವಳು. ಮನೆಯಲ್ಲಿಯೇ ಇರುವ ಹೆಂಡತಿಯನ್ನು ಕಾವ್ಯದ ಮೊದಲ ವಿಮರ್ಶಕಿಯನ್ನಾಗಿ ಮಾಡಿದ್ದು ಮುದ್ದಣನ ದೊಡ್ಡ ಸಾಧನೆ. ಕೊರತೆಯೂ ಅಲ್ಲಿಯೇ ಇದೆ. ನಂದಳಿಕೆಯ ಬೀದಿಯಲ್ಲಿ ಕೇಳುವ ಮಾತು ತುಳು. ಮನೋರಮೆ ಆಡುವುದು ಹಳಗನ್ನಡ. ಆಕೆಯ ಆತಿಥ್ಯದಲ್ಲಿ ಸೊಗಸುಂಟು, ಬೆವರಿಲ್ಲ. ಬಡ ವ್ಯಾಯಾಮೋಪಾಧ್ಯಾಯನೊಬ್ಬನ ಮನೆಯಲ್ಲಿ ಅಂದು ಅಕ್ಕಿ ಇತ್ತೋ ಇಲ್ಲವೋ ಎಂಬ ಚಿಂತೆಯು ಆ ಸರಸಸಲ್ಲಾಪದ ಹೊಸ್ತಿಲನ್ನು ದಾಟದು.

ಆ ಚಿಂತೆಗೆ ಕನ್ನಡದಲ್ಲಿ ಎಡೆಕೊಟ್ಟವರು ಕೋಟದ ಶಿವರಾಮ ಕಾರಂತರು. 1940ರ ದಶಕದ ಆರಂಭದ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರ ಪೌರೋಹಿತ್ಯಕ್ಕಿಂತ ಪಾರ್ವತಿ, ಸರಸೋತಿ ಎಂಬ ಅತ್ತಿಗೆ ನಾದಿನಿಯರ ದುಡಿಮೆಯೇ ಓದುಗನ ನೆನಪಿನಲ್ಲಿ ಉಳಿಯುವುದು. ಕಡಲಿಗೂ ಹೊಳೆಗೂ ನಡುವಿನ ಆ ಬಡ ನೆಲದಲ್ಲಿ ಗದ್ದೆ, ಹಟ್ಟಿ, ಒಲೆ ಮೂರನ್ನೂ ನಡೆಸುವವರು ಅವರೇ. ಸಂತಾನಕ್ಕಾಗಿ ಐತಾಳರು ಎರಡನೆಯ ಮದುವೆಯಾದ ಮೇಲೆಯೂ ಒಲೆ ಆರುವುದಿಲ್ಲ. ಅವಮಾನವನ್ನು ನುಂಗಿದ ಪಾರ್ವತಿಗೆ ದುಃಖಿಸುವುದಕ್ಕೂ ಬಿಡುವಿಲ್ಲವೆಂಬುದನ್ನು ಕಾರಂತರು ಯಾವ ಅಬ್ಬರವೂ ಇಲ್ಲದೆ ತೋರಿಸಿದ್ದಾರೆ. ನೆರೆಮನೆಯ ಶೀನಮಯ್ಯರ ಕುಟುಂಬವು ಬೆಂಗಳೂರಿನ ಹೋಟೆಲಿನಿಂದ ಹಣವಂತರಾಗುವ ಭಾಗವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಒಂದೇ ವಿದ್ಯೆ, ಒಂದೆಡೆ ಹಣ, ಇನ್ನೊಂದೆಡೆ ಸುಣ್ಣ ಕಾಣದ ಗೋಡೆ. ಆದರೂ ಕಾರಂತರ ದೃಷ್ಟಿ ಹೊರಗಿನಿಂದ ನೋಡುವವನ ದೃಷ್ಟಿ. ದುಡಿಮೆಯ ಭಾರವನ್ನು ಅವರಷ್ಟು ನಿಖರವಾಗಿ ತೂಗಿದವರಿಲ್ಲ; ಆ ದುಡಿಮೆಯೊಳಗಿನ ಸಣ್ಣ ಸಂತೋಷ, ಮತ್ಸರ, ಹಾಸ್ಯ, ಪಿಸುಮಾತು ಅವರ ಕಿವಿಗೆ ಅಷ್ಟಾಗಿ ಬಿದ್ದಂತೆ ತೋರದು.

ಆ ಪಿಸುಮಾತನ್ನು ಕೇಳಿಸಿದವರು ವೈದೇಹಿಯವರು. 1945ರಲ್ಲಿ ಕುಂದಾಪುರದ ತುಂಬಿದ ಮನೆಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಸಂಸಾರ ಹೂಡಿದ ಇವರ ಕಾವ್ಯನಾಮದ ಕಥೆಯೇ ಈ ವಿಷಯಕ್ಕೆ ಒಂದು ಟಿಪ್ಪಣಿಯಂತಿದೆ. ‘ಸುಧಾ’ ಪತ್ರಿಕೆಗೆ ಕಳುಹಿಸಿದ ಕಥೆಯಲ್ಲಿ ನಿಜಸಂಗತಿಯೊಂದು ಸೇರಿದ್ದುದರಿಂದ ಅದನ್ನು ಅಚ್ಚುಮಾಡಬಾರದೆಂದು ಅವರು ಕೇಳಿಕೊಂಡಾಗ ಸಂಪಾದಕರು ಹೆಸರನ್ನು ಬದಲಿಸಿ ಪ್ರಕಟಿಸಿಬಿಟ್ಟರು. ಮನೆಯ ಮಾತು ಬೀದಿಗೆ ಬರಬಾರದೆಂಬ ಅಂಜಿಕೆ ಒಂದು ಕಡೆ, ಹೇಳದೆ ಇರಲಾರದ ಒತ್ತಡ ಇನ್ನೊಂದು ಕಡೆ. ಇವೆರಡರ ನಡುವೆ ಹುಟ್ಟಿದ ಹೆಸರದು. ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆಯೂ ಆ ಅಂಜಿಕೆಯ ಎಳೆ ಅವರ ಗದ್ಯದಿಂದ ಮಾಯವಾಗಿಲ್ಲ. ಅದರಿಂದಲೇ ಅವರ ಕಥೆಗೆ ನಂಬಿಕೆ ಬರುವುದು.

ಇವರ ಹೆಂಗಸರು ಕುಂದಗನ್ನಡದಲ್ಲಿ ಮಾತನಾಡುವರು. ಇದು ಅಲಂಕಾರವಲ್ಲ. ಹದ, ಮಡಿ, ಮೈಲಿಗೆ, ಹಸಿವು ಇವುಗಳ ಕುರಿತ ಮಾತುಗಳೆಲ್ಲ ಆ ಆಡುನುಡಿಯಲ್ಲಿಯೇ ಬೆಳೆದವು. ಗ್ರಂಥಭಾಷೆಗೆ ತಿರುಗಿಸಿದೊಡನೆ ಅವು ಮನೋರಮೆಯ ಮಾತಿನಂತೆ ಚೆಲುವಾಗಿ ತಣ್ಣಗಾಗುವುವು. ‘ಅಕ್ಕು’ ಕಥೆಯ ಬುದ್ಧಿಸ್ತಿಮಿತವಿಲ್ಲದ ಹೆಂಗಸು ತುಂಬಿದ ಮನೆಯ ನಡುವೆ ಕುಳಿತು ಆಡುವ ಒಂದೊಂದು ಮಾತೂ ಹಿರಿಯರ ಮರ್ಯಾದೆಯ ಹೊದಿಕೆಯನ್ನು ಕಿತ್ತೆಸೆಯುವುದು. ಆ ಮನೆಯಲ್ಲಿ ಆಕೆಗೂ ಅನ್ನವುಂಟು, ಮೂಲೆಯುಂಟು. ಅನ್ನ ಕೊಡುವ ಮನೆಯೇ ಕ್ರೂರವೂ ಆಗಬಲ್ಲುದೆಂಬುದನ್ನು ವೈದೇಹಿಯವರು ಮರೆಯಿಸುವುದಿಲ್ಲ. ಆದುದರಿಂದಲೇ ಅವರ ಅಡುಗೆಮನೆಯು ಅನ್ನಪೂರ್ಣೆಯ ಪಟವಾಗದೆ ಉಳಿದಿರುವುದು.

ಅವರ ಕವಿತೆಯ ವಿಚಾರದಲ್ಲಿ ಇಷ್ಟೇ ನಿಸ್ಸಂಶಯವಾಗಿ ಹೇಳುವಂತಿಲ್ಲ. ಕಾವ್ಯವನ್ನೂ ತಿಳಿಸಾರನ್ನೂ ಎದುರುಬದುರು ನಿಲ್ಲಿಸುವ ‘ತಿಳಿದವರೇ ಹೇಳಿ’ ಪ್ರಸಿದ್ಧವಾದುದು. ಸಭೆಗಳಲ್ಲಿ ಚಪ್ಪಾಳೆಯನ್ನೂ ಗಳಿಸಿದುದು. ಪಂಡಿತರಿಗೆ ಅದು ತಕ್ಕ ಉತ್ತರ, ಅನುಮಾನವಿಲ್ಲ. ಆದರೆ ಉತ್ತರ ಕೊಡುವ ಭರದಲ್ಲಿ ಸಾರು ಒಲೆಯ ಮೇಲಿಂದ ಇಳಿದು ವಾದದ ಸಾಮಗ್ರಿಯಾಗುವ ಅಪಾಯವಿದೆ. ಕಥೆಗಳಲ್ಲಿ ಅಡುಗೆಯು ಯಾರಿಗೂ ಉತ್ತರ ಕೊಡುವುದಿಲ್ಲ. ಅದು ಆಗಬೇಕಾದ ಕೆಲಸ, ಆಗುತ್ತಿರುತ್ತದೆ. ಕಥೆಗಳೇ ಮೇಲು.

ಭಕ್ತಿಯ ಮಾತನ್ನೂ ಇಲ್ಲಿ ಎತ್ತಬೇಕು. ಉಡುಪಿಯ ಮಾಧ್ವ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳಲ್ಲಿ ಕ್ರಮವಾಗಿ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯ ಇವುಗಳನ್ನು ವರ್ಜಿಸುವ ಪದ್ಧತಿಯುಂಟು. ವ್ರತವನ್ನು ಸಂಕಲ್ಪಿಸುವವನು ಯಜಮಾನ, ನಡೆಯಿಸುವವಳು ಗೃಹಿಣಿ. ತರಕಾರಿಯಿಲ್ಲದೆ ಹೆಸರುಬೇಳೆ, ತೆಂಗಿನಕಾಯಿ, ಕಾಳುಮೆಣಸುಗಳಿಂದ ಒಂದು ತಿಂಗಳನ್ನು ಸಾಗಿಸಿ, ಬೇಳೆಯೂ ಇಲ್ಲದ ನಾಲ್ಕನೆಯ ತಿಂಗಳಿನಲ್ಲಿ ಶಾಲೆಯಿಂದ ಹಸಿದು ಬಂದ ಮಕ್ಕಳ ಮುಂದೆ ಏನನ್ನಿಡಬೇಕೆಂದು ಯೋಚಿಸುವವಳು ಆಕೆ. ಈ ಯೋಚನೆಯನ್ನು ಭಕ್ತಿಯೆಂದು ಕರೆಯಬಾರದೇಕೆ? ಕಾರ್ಕಳದ ಜೈನ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯಬೇಕೆಂಬ ನಿಯಮವು ಇಳಿಹೊತ್ತಿನ ಒಲೆಯ ಗಡಿಯಾರವನ್ನೇ ಬದಲಿಸಿದೆ. ಧರ್ಮವು ಶಾಸ್ತ್ರದಲ್ಲಿ ನಿಷೇಧವಾಗಿರುವುದು. ಅಡುಗೆಮನೆಯಲ್ಲಿ ಮಾತ್ರ ಅದು ಉಪಾಯವಾಗುವುದು. ಆ ಉಪಾಯದಲ್ಲಿ ಕೆಲವರಿಗೆ ತೃಪ್ತಿಯೂ ಉಂಟು, ಕೆಲವರಿಗೆ ದಣಿವು ಮಾತ್ರ. ಎರಡನ್ನೂ ಹೇಳುವ ಲೇಖಕನೇ ನಂಬತಕ್ಕವನು.

ಒಂದು ಆಕ್ಷೇಪಣೆಗೆ ಉತ್ತರವಿಲ್ಲ. ಈ ವರೆಗೆ ಹೇಳಿದ ಕಥೆಕಾದಂಬರಿಗಳ ಒಲೆಗಳು ಹೆಚ್ಚಾಗಿ ಬ್ರಾಹ್ಮಣರ ಮನೆಯವು. ಕಾಪುವಿನಲ್ಲಿ ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳ ಮಾರಿಪೂಜೆಗೆ ಬಂಟರ, ಮೊಗವೀರರ, ಬಿಲ್ಲವರ ಮನೆಗಳಲ್ಲಿ ನೆಂಟರು ತುಂಬಿ ಕೋಳಿಯ ಪದಾರ್ಥವೂ ರೊಟ್ಟಿಯೂ ಆಗುವ ಹೊತ್ತಿನಲ್ಲಿ, ಹರಕೆ ಹೊತ್ತ ತಾಯಿಯೊಬ್ಬಳ ಮನಸ್ಸಿನಲ್ಲಿ ನಡೆಯುವುದು ಪಾರ್ವತಿಯ ಮನಸ್ಸಿನಲ್ಲಿ ನಡೆದುದಕ್ಕಿಂತ ಕಡಿಮೆಯದೇನಲ್ಲ. ಕಲ್ಯಾಣಪುರ, ಶಿರ್ವ, ಅತ್ತೂರುಗಳ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮೊದಲು ಕುಸ್ವಾರಿನ ಕೆಲಸ ದಿನಗಟ್ಟಲೆ ನಡೆಯುವುದು. ನೆವ್ರ್ಯೊ ಮಡಿಸುವುದಕ್ಕೂ ಕಿಡ್ಯೊ ಸುರುಳಿ ಸುತ್ತುವುದಕ್ಕೂ ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಎಲ್ಲರೂ ಕೂಡುವರು, ಕೇಕು ಬೇರೆ. ತಟ್ಟೆಗೆ ಕಸೂತಿಯ ಬಟ್ಟೆ ಮುಚ್ಚಿ ನೆರೆಯ ಹಿಂದೂ ಮನೆಗೂ ಮುಸಲ್ಮಾನ ಮನೆಗೂ ಕಳುಹಿಸುವರು. ಬರಿದಾದ ತಟ್ಟೆ ಹಿಂದಿರುಗುವುದು ಸಭ್ಯತೆಯಲ್ಲವಾದುದರಿಂದ ಒಂದಿಷ್ಟು ಸಕ್ಕರೆಯನ್ನೋ ಹಣ್ಣನ್ನೋ ಇಟ್ಟು ಕೊಡುವರು. ಧರ್ಮಸಮನ್ವಯದ ಭಾಷಣಗಳು ಎಷ್ಟೋ ಆಗಿವೆ. ಈ ತಟ್ಟೆಯ ಹೋಗಿಬರುವಿಕೆಯನ್ನು ಕನ್ನಡದ ಕಥೆಗಾರರು ಇನ್ನೂ ಹೆಚ್ಚು ಗಮನಿಸಬೇಕು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೂಡಿಸಿ ನಿಲ್ಲಿಸಿದ ಹಸ್ತಶಿಲ್ಪದ ಹಳೆಯ ಮನೆಗಳನ್ನು ನೋಡಲು ದೂರದೂರದಿಂದ ಜನರು ಬರುವರು. ಕಂಬ, ಬಾಗಿಲು, ಕಲ್ಲಿನ ಕಡೆವು ಎಲ್ಲವೂ ಅಲ್ಲಿ ಜೋಪಾನವಾಗಿವೆ. ಒಲೆಯಲ್ಲಿ ಕೆಂಡ ಮಾತ್ರ ಇರಲಾರದು. ಅದು ಮ್ಯೂಸಿಯಮಿನ ತಪ್ಪೂ ಅಲ್ಲ. ಕೆಂಡವು ಅಲ್ಲಿಂದ ಸ್ವಲ್ಪ ದೂರದ ಬಹುಮಹಡಿ ಮನೆಗಳಿಗೆ ವಿದ್ಯುತ್ತಿನ ರೂಪದಲ್ಲಿ ಹೋಗಿರುವುದು. ಕೆಲಸ ಬಿಟ್ಟು ಮಕ್ಕಳಿಗಾಗಿ ಮನೆಯಲ್ಲಿ ನಿಂತ ವಿದ್ಯಾವಂತ ತಾಯಂದಿರು ಅಲ್ಲಿ ಓವನ್ನಿನಲ್ಲಿ ಬ್ರೆಡ್ಡು, ಕೇಕು ಸುಡುವರು. ಮೇಲೂ ಕೆಳಗೂ ಶಾಖ, ನಡುವೆ ಹಿಟ್ಟು. ಮಂಗರಸನು ಕಂಡರೆ ಗುರುತಿಸದೆ ಇರಲಾರನು. ಗಾಜಿನ ಬಾಗಿಲಿದೆ, ಒಳಗನ್ನು ನೋಡಬಹುದು ಎಂಬುದೊಂದೇ ಹೊಸತು. ಊರಿನಿಂದ ಅತ್ತೆಯವರು ಬಂದಾಗ ಮೊಟ್ಟೆಯಿಲ್ಲದ ಕೇಕಿಗೆ ಮೊಸರು ಹಾಕಿ ಹದ ತರುವರು. ಚಾತುರ್ಮಾಸ್ಯದ ಎರಡನೆಯ ತಿಂಗಳಾದರೆ ಮೊಸರೂ ಇಲ್ಲ. ಆಗ ಮಗುವಿನ ಹುಟ್ಟುಹಬ್ಬ ಬಂದರೆ, ವ್ರತ ಮುರಿಯದಂತೆ, ಮಗುವೂ ಅಳದಂತೆ, ಸೊಸೆಯು ಹಿಟ್ಟಿಗೆ ಏನನ್ನು ಬೆರೆಸಿದಳು, ಅತ್ತೆ ಅದನ್ನು ನೋಡಿಯೂ ನೋಡದಂತೆ ಇದ್ದರೋ ಅಥವಾ ತಾವೇ ಎದ್ದು ಬಂದು ತೆಂಗಿನ ಹಾಲು ಹಿಂಡಿಕೊಟ್ಟರೋ ಎಂಬುದನ್ನು ಬರೆಯಬಲ್ಲವರು ಆ ಅಡುಗೆಮನೆಯಲ್ಲಿ ನಿಂತು ನೋಡಿದವರೇ ಆಗಿರಬೇಕು.