ಸ್ಯಾಕ್ಸೊಫೋನ್ ಓದಿದ ಪ್ರಾರ್ಥನೆ

ಮೊದಲು ಕೇಳುವುದು ಜಾಗಟೆಯ ಮೊಳಗು. ಅದು ಇನ್ನೂ ಆರಿರುವುದಿಲ್ಲ, ಸ್ಯಾಕ್ಸೊಫೋನ್ ಚಿಕ್ಕದೊಂದು ಎತ್ತುಗಡೆ ಮಾಡಿ ಹಿಂದೆ ಸರಿಯುತ್ತದೆ. ಆಮೇಲೆ ಜಿಮ್ಮಿ ಗ್ಯಾರಿಸನ್ನನ ಡಬಲ್ ಬಾಸ್ ನಾಲ್ಕೇ ಸ್ವರಗಳ ಸೊಲ್ಲೊಂದನ್ನು ಹಿಡಿದು ಕೂರುತ್ತದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ಶುರುವಾಗುವುದು ಹೀಗೆ. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ಮುದ್ರಣವಾದ, ಹೆಚ್ಚುಕಡಿಮೆ 33 ನಿಮಿಷಗಳ ಕೃತಿ.

ಆ ನಾಲ್ಕು ಸ್ವರಗಳನ್ನು ಕೋಲ್ಟ್ರೇನ್ ಸುಮ್ಮನೆ ಬಿಡುವುದಿಲ್ಲ. ಮೊದಲ ಭಾಗ ಮುಗಿಯುತ್ತ ಬಂದಂತೆ ಅದೇ ಸೊಲ್ಲನ್ನು ಹನ್ನೆರಡೂ ಶ್ರುತಿಗಳಲ್ಲಿ ಓಡಾಡಿಸುತ್ತಾನೆ. ಆಧಾರ ಷಡ್ಜ ಕದಲದ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲಿ ಕೊಂಚ ಕಸಿವಿಸಿಯಾಗುವುದು ನಿಜ. ಅಷ್ಟರಲ್ಲಿ ಅದೇ ಸ್ವರಗಳಿಗೆ ಕೃತಿಯ ಹೆಸರನ್ನು ಕೂಡಿಸಿ ಮನುಷ್ಯಕಂಠವೇ ನಾಮಜಪದಂತೆ ಹೇಳತೊಡಗುತ್ತದೆ. ಹೇಳುತ್ತ ಹೇಳುತ್ತ ಇಡೀ ಸಾಲು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಪ್ರತಿ ಸಲವೂ ಆ ಇಳಿತಕ್ಕಾಗಿಯೇ ಕಾಯುತ್ತೇನೆ.

1926ರಲ್ಲಿ ಉತ್ತರ ಕೆರೊಲಿನಾದ ಹ್ಯಾಮ್ಲೆಟ್‌ನಲ್ಲಿ ಹುಟ್ಟಿದ ಕೋಲ್ಟ್ರೇನ್‌ನ ತಂದೆಯ ತಂದೆ, ತಾಯಿಯ ತಂದೆ ಇಬ್ಬರೂ ಪಾದ್ರಿಗಳು. ಆದರೂ ಅವನಿಗೆ ಹೆರಾಯಿನ್ ಚಟ ಹಿಡಿಯಿತು. 1957ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವನನ್ನು ತನ್ನ ತಂಡದಿಂದ ಕೈಬಿಟ್ಟ. ಅದೇ ವರ್ಷ ಚಟ ತೊರೆದ ಕೋಲ್ಟ್ರೇನ್, ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಜೊತೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ನುಡಿಸಿದ. ಮತ್ತೆ ಡೇವಿಸ್ ಬಳಿ ಮರಳಿ 1959ರ 'ಕೈಂಡ್ ಆಫ್ ಬ್ಲೂ'ನಲ್ಲೂ ನುಡಿಸಿದ. ತನಗೆ ದೇವರ ಕೃಪೆಯಿಂದ ಎಚ್ಚರವಾಯಿತೆಂದು ಆತ ಬರೆದುಕೊಂಡದ್ದು ಆ 1957ರ ಬಗ್ಗೆಯೇ. 'ಎ ಲವ್ ಸುಪ್ರೀಮ್' ಆ ಋಣದ ಸಂದಾಯ.

ನಾಲ್ಕನೆಯ ಭಾಗ 'ಸಾಮ್'ಗೆ ತಾಳದ ಕಟ್ಟೇ ಇಲ್ಲ. ಎಲ್ವಿನ್ ಜೋನ್ಸ್ ಟಿಂಪನಿಯ ಮೇಲೆ ಗುಡುಗಿನಂತೆ ಉರುಳಿಸುತ್ತಾನೆ; ಮೆಕಾಯ್ ಟೈನರ್‌ನ ಪಿಯಾನೋ ಹಿಂದೆ ನಿಂತು ಆಸರೆ ಕೊಡುತ್ತದೆ. ಸ್ಯಾಕ್ಸೊಫೋನ್ ಮಾತ್ರ ಒಂದೊಂದೇ ಸಾಲು ನಿಧಾನವಾಗಿ ಹೇಳಿ, ನಿಂತು, ಮುಂದಿನದಕ್ಕೆ ಹೋಗುತ್ತದೆ. ಹೇಳುತ್ತಿರುವುದು ಏನನ್ನು? ರೆಕಾರ್ಡಿನ ಹೊದಿಕೆಯಲ್ಲಿ ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆ ಅಚ್ಚಾಗಿದೆ. ಅದನ್ನು ಎದುರಿಟ್ಟುಕೊಂಡು ಕೇಳಿದರೆ ಪದಕ್ಕೆ ಪದ, ಉಸಿರಿಗೆ ಉಸಿರು ಹೊಂದುತ್ತದೆ. ಸಾಹಿತ್ಯವನ್ನು ಮನಸ್ಸಿನಲ್ಲಿ ಹಾಡಿಕೊಂಡೇ ಮೀಟುವ ನಮ್ಮ ವೈಣಿಕರಿಗೆ ಇದೇನೂ ಸೋಜಿಗವಲ್ಲ. ಜಾಝ್‌ನಲ್ಲಿ ಹೀಗೆ ಗದ್ಯದಂಥ ಪ್ರಾರ್ಥನೆಯೊಂದನ್ನು ಇಡಿಯಾಗಿ ವಾದ್ಯದಲ್ಲಿ ಓದಿದ್ದು ಮಾತ್ರ ಅಪರೂಪವೇ.

ಹಿಂದಿನ ವರ್ಷವೇ ಈ ದನಿ ಸಿದ್ಧವಾಗಿತ್ತು. 1963ರ ಸೆಪ್ಟೆಂಬರ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಚರ್ಚಿನಲ್ಲಿ ಜನಾಂಗದ್ವೇಷಿಗಳ ಬಾಂಬಿಗೆ ನಾಲ್ವರು ಕಪ್ಪು ಹುಡುಗಿಯರು ಬಲಿಯಾದರು. ಎರಡು ತಿಂಗಳಲ್ಲಿ ಕೋಲ್ಟ್ರೇನ್ 'ಅಲಬಾಮಾ' ನುಡಿಸಿದ. ಎಲ್ಲೂ ಕೂಗಾಟವಿಲ್ಲ, ಅದಕ್ಕೇ ತಡೆಯಲಾಗುವುದಿಲ್ಲ.

ನಮ್ಮ ಸಂಗೀತವೂ ಅವನನ್ನು ಸೆಳೆದಿತ್ತು. 1961ರಲ್ಲಿ 'ಇಂಡಿಯಾ' ಎಂಬ ಕೃತಿ ನುಡಿಸಿದ. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಹೆಸರಿಟ್ಟ. ಆ ರವಿ ಕೋಲ್ಟ್ರೇನ್ ಇಂದು ತಾನೂ ಸ್ಯಾಕ್ಸೊಫೋನ್ ವಾದಕ. ಹೆಂಡತಿ ಆಲಿಸ್ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ ಭಜನೆಗಳನ್ನು ಹಾಡಿದಳು. ಕೋಲ್ಟ್ರೇನ್ ಮಾತ್ರ 1967ರ ಜುಲೈನಲ್ಲಿ, ನಲವತ್ತಕ್ಕೇ, ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ.

ಹೊಸದಾಗಿ ಕೇಳುವವರಲ್ಲಿ ಒಂದೇ ವಿನಂತಿ. ದಯವಿಟ್ಟು ಅವನ ಅಬ್ಬರದ ಕೃತಿ 'ಅಸೆನ್ಷನ್'ನಿಂದ ಶುರು ಮಾಡಬೇಡಿ, ಹೆದರಿ ಓಡುತ್ತೀರಿ. ಮೊದಲು 'ಅಲಬಾಮಾ' ಕೇಳಿ, ಆಮೇಲೆ 'ಎ ಲವ್ ಸುಪ್ರೀಮ್' ಅನ್ನು ಎಲ್ಲೂ ನಿಲ್ಲಿಸದೆ ಕೇಳಿ.