ಮುಂಡಗೋಡದ ಕ್ಯಾಂಪುಗಳು ಮತ್ತು ‘ವ್ಯಕ್ತಿ’ ಎಂಬ ಪದ

ಉತ್ತರ ಕನ್ನಡದ ಮುಂಡಗೋಡದಲ್ಲಿ ಬಸ್ಸಿಳಿದು ‘ಕ್ಯಾಂಪಿಗೆ ಹೋಗಬೇಕು’ ಎಂದರೆ ‘ಎಷ್ಟನೇ ನಂಬರು?’ ಎಂಬ ಮರುಪ್ರಶ್ನೆ ಬರುತ್ತದೆ. 1966ರಲ್ಲಿ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ, ಆಗಿನ ಮೈಸೂರು ರಾಜ್ಯ ಇಲ್ಲಿನ ಸುಮಾರು 4,000 ಎಕರೆ ನೆಲವನ್ನು ಟಿಬೆಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಬಂದವರು ಕಾಡು ಸವರಿ ಗೋವಿನಜೋಳ ಬಿತ್ತಿದರು. ಬಂಗಾಳದ ಬಕ್ಸಾ ಶಿಬಿರದಲ್ಲಿ ಕ್ಷಯದಿಂದ ನರಳಿ ಉಳಿದುಬಂದ ಭಿಕ್ಷುಗಳು ಡ್ರೆಪುಂಗ್ ಮತ್ತು ಗಾಡೆನ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಜನರ ಬಾಯಲ್ಲಿ ಅವು ಲಾಮಾ ಕ್ಯಾಂಪುಗಳಾದವು. ಚಳಿಗಾಲ ಬಂತೆಂದರೆ ಸ್ವೆಟರ್ ಮಾರುವ ಟಿಬೆಟಿಯನ್ನರು ಬಯಲುಸೀಮೆಯ ಪೇಟೆಗಳಲ್ಲೂ ಪರಿಚಿತರೇ.

ಈ ಕ್ಯಾಂಪುಗಳ ಮನೆಮನೆಯಲ್ಲೂ ಜೋಪಾನವಾಗಿ ಇಟ್ಟುಕೊಂಡ ಒಂದು ದಾಖಲೆ ಇದೆ. ಅದು ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ. ಭಾರತದಲ್ಲಿ ಇರುವುದಕ್ಕೆ, ಸಿಮ್ ಕೊಳ್ಳುವುದಕ್ಕೆ, ಬ್ಯಾಂಕಿನಲ್ಲಿ ಖಾತೆ ತೆರೆಯುವುದಕ್ಕೆ, ಹೊರದೇಶಕ್ಕೆ ಹೋಗುವಾಗ ಪಾಸ್‌ಪೋರ್ಟಿನ ಬದಲು ಸಿಗುವ ಗುರುತಿನ ಪುಸ್ತಕ ಪಡೆಯುವುದಕ್ಕೆ, ಎಲ್ಲಕ್ಕೂ ಅದೇ ಬೇರು. ಅವಧಿ ಮುಗಿಯುವ ಮೊದಲೇ ಅದನ್ನು ನವೀಕರಿಸಬೇಕು. ನವೀಕರಿಸುವ ನೋಂದಣಿ ಅಧಿಕಾರಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ. ಒಂದು ಸಾಹಿತ್ಯಕೃತಿಯನ್ನು ಓದುವ ಎಚ್ಚರದಿಂದಲೇ ಈ ದಾಖಲೆಯನ್ನೂ ಓದಬೇಕು. ವಿದೇಶೀಯರ ಹಕ್ಕಿನ ಬಗ್ಗೆ, ಅವರ ‘ಅಪರಾಧ’ದ ಬಗ್ಗೆ ಈ ದೇಶ ಆಡುವ ಮಾತಿನ ಬಲವೂ ದೌರ್ಬಲ್ಯವೂ ಅದರಲ್ಲಿವೆ.

ಮೊದಲು ಬಲದ ಮಾತು. ಸಂವಿಧಾನ ಬರೆದವರು ಎರಡು ಪದಗಳನ್ನು ಬಹಳ ಜಾಗ್ರತೆಯಿಂದ ಬಳಸಿದ್ದಾರೆ. ಮಾತಾಡುವ, ಸಂಘ ಕಟ್ಟುವ, ದೇಶದ ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯ ಕೊಡುವ 19ನೇ ವಿಧಿ ‘ನಾಗರಿಕ’ರದ್ದು. ಕಾನೂನಿನ ಮುಂದೆ ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಮಾತ್ರ ‘ವ್ಯಕ್ತಿ’ಯವು. ಇದು ಕೈತಪ್ಪಿ ಬಿದ್ದ ಪದವಲ್ಲ ಎನ್ನುವುದಕ್ಕೆ 22ನೇ ವಿಧಿಯೇ ಸಾಕ್ಷಿ. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಹೇಳುವ ಆ ವಿಧಿ, ಶತ್ರುದೇಶದ ಪ್ರಜೆಯನ್ನು ಹೆಸರು ಹಿಡಿದು ಹೊರಗಿಡುತ್ತದೆ. ಉಳಿದ ವಿದೇಶೀಯರೆಲ್ಲ ಒಳಗೇ ಇದ್ದಾರೆಂದು ಬರೆದವರಿಗೆ ಗೊತ್ತಿತ್ತು.

ಸುಪ್ರೀಂ ಕೋರ್ಟು ಈ ಪದದ ಮಾನ ಉಳಿಸಿದ ಸಂದರ್ಭಗಳಿವೆ. ಅರುಣಾಚಲದಲ್ಲಿ ಚಕ್ಮಾ ಜನರನ್ನು ಹೆದರಿಸಿ ಓಡಿಸುವ ಯತ್ನ ನಡೆದಾಗ, ಅವರ ಜೀವ ಕಾಯುವುದು ರಾಜ್ಯದ ಹೊಣೆ ಎಂದು 1996ರಲ್ಲಿ ಹೇಳಿತು. ಹೌರಾ ರೈಲು ನಿಲ್ದಾಣದಲ್ಲಿ ಅತ್ಯಾಚಾರಕ್ಕೆ ತುತ್ತಾದ ಬಾಂಗ್ಲಾದೇಶದ ಮಹಿಳೆಗೆ ರೈಲ್ವೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನು 2000ದಲ್ಲಿ ಎತ್ತಿಹಿಡಿಯಿತು. ಆಕೆ ನಮ್ಮ ಪ್ರಜೆಯಲ್ಲ ಎಂಬ ವಾದ ನಿಲ್ಲಲಿಲ್ಲ. ಆದರೆ ಹೊರಗೆ ಕಳಿಸುವ ಮಾತು ಬಂದಾಗ ಇದೇ ನ್ಯಾಯಾಲಯ 1955ರ ಹ್ಯಾನ್ಸ್ ಮುಲ್ಲರ್ ತೀರ್ಪಿನಿಂದಲೂ ಸರ್ಕಾರದ ಕೈಗೆ ಬಹುತೇಕ ಪೂರ್ಣ ಅಧಿಕಾರ ಕೊಟ್ಟಿದೆ. ವಿದೇಶೀಯನ ಜೀವಕ್ಕೆ ರಕ್ಷಣೆ ಇದೆ, ಅವನ ನೆಲೆಗೆ ಇಲ್ಲ. ಮುಂಡಗೋಡದಲ್ಲಿ ಹುಟ್ಟಿ ಬೆಳೆದವರ ಬದುಕು ನಿಂತಿರುವುದು ಈ ಬಿರುಕಿನ ಮೇಲೆಯೇ.

ಇನ್ನು ಅಪರಾಧದ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರತಿವರ್ಷ ವಿದೇಶೀಯರು ಮಾಡಿದ ಅಪರಾಧಗಳಿಗೆ ಬೇರೆಯೇ ಕೋಷ್ಟಕ ಹಾಕುತ್ತದೆ. ಜೈಲುಗಳ ವರದಿಯಲ್ಲೂ ವಿದೇಶಿ ಕೈದಿಗಳ ಲೆಕ್ಕ ಬೇರೆ. ಒಟ್ಟು ಕೈದಿಗಳಲ್ಲಿ ಅವರು ಸುಮಾರು ಶೇ 1ರಷ್ಟು. ಅವರಲ್ಲಿ ಹೆಚ್ಚಿನವರು ಬಾಂಗ್ಲಾದೇಶದವರು, ಬಹಳಷ್ಟು ಮಂದಿ ಇರುವುದು ಪಶ್ಚಿಮ ಬಂಗಾಳದ ಜೈಲುಗಳಲ್ಲಿ. ಈ ಲೆಕ್ಕದ ದೊಡ್ಡ ದೋಷವೊಂದಿದೆ. ವಿದೇಶೀಯರ ಕಾಯ್ದೆಯಡಿ ದಾಖಲಾದ ಪ್ರಕರಣಗಳೂ ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿವೆ. ವೀಸಾ ಅವಧಿ ಮೀರುವುದು, ನೋಂದಣಿ ತಪ್ಪಿಸುವುದು ಇವೆಲ್ಲ ನಾಗರಿಕನಿಗೆ ಮಾಡಲು ಸಾಧ್ಯವೇ ಇಲ್ಲದ ಅಪರಾಧಗಳು. ಮುಂಡಗೋಡದ ಒಬ್ಬ ರೈತ ತನ್ನ ಆರ್‌ಸಿಯ ದಿನಾಂಕ ಮರೆತರೆ ಸಾಕು, ಆತ ಕಾನೂನಿನ ಉಲ್ಲಂಘನೆಗೆ ಹೊಣೆ. ಯಾರ ಮನೆಗೂ ಕನ್ನ ಹಾಕಿಲ್ಲ, ಯಾರ ಮೇಲೂ ಕೈ ಎತ್ತಿಲ್ಲ. ಇಂಥ ತಪ್ಪನ್ನೂ ಕೊಲೆ, ಸುಲಿಗೆ, ಮಾದಕವಸ್ತು ಸಾಗಣೆಯನ್ನೂ ಒಂದೇ ಮೊತ್ತಕ್ಕೆ ಕೂಡಿಸಿ ‘ವಿದೇಶೀಯರ ಅಪರಾಧ’ ಎಂದು ಕೂಗಿ ಹೇಳುವುದು ಪ್ರಾಮಾಣಿಕ ಲೆಕ್ಕವಲ್ಲ.

ಜಾಮೀನಿನ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಸ್ಥಳೀಯ ವಿಳಾಸವಿಲ್ಲ, ಶ್ಯೂರಿಟಿ ನಿಲ್ಲುವವರಿಲ್ಲ. ಹಾಗಾಗಿ ವಿದೇಶಿ ವಿಚಾರಣಾಧೀನ ಕೈದಿ ಬೇಗ ಹೊರಬರುವುದು ಕಷ್ಟ. ಒಳಗೇ ಉಳಿದಷ್ಟು ದಿನವೂ ಜೈಲಿನ ಲೆಕ್ಕದಲ್ಲಿ ಅವನ ತಲೆ ಎಣಿಕೆಯಾಗುತ್ತಲೇ ಇರುತ್ತದೆ.

ಸರಿಯಾಗಿ ಎಣಿಸಿದ ಕಡೆ ಏನು ಸಿಕ್ಕಿದೆ? ಅಮೆರಿಕದ ಟೆಕ್ಸಾಸ್‌ನಲ್ಲಿ ಬಂಧಿತರ ವಲಸೆ ಸ್ಥಿತಿಯನ್ನೂ ದಾಖಲಿಸಲಾಗುತ್ತದೆ. ಅಲ್ಲಿನ 2012ರಿಂದ 2018ರವರೆಗಿನ ದಾಖಲೆ ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂಸಾಪರಾಧಗಳಿಗಾಗಿ ಬಂಧಿತರಾಗುವ ಪ್ರಮಾಣ ಕಾಗದವಿಲ್ಲದ ವಲಸಿಗರಿಗಿಂತ ಅಮೆರಿಕದಲ್ಲೇ ಹುಟ್ಟಿದ ನಾಗರಿಕರಲ್ಲಿ ಎರಡು ಪಟ್ಟಿಗೂ ಹೆಚ್ಚು. ಅಲ್ಲಿನದನ್ನು ಹಾಗೇ ತಂದು ಇಲ್ಲಿಗೆ ಅಂಟಿಸಲಾಗದು, ನಿಜ. ಆದರೂ ಪರದೇಶದಿಂದ ಬಂದವರೆಂದರೆ ಅಪರಾಧ ಹೆಚ್ಚು ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದಾಗ ಅದು ಉಳಿಯಲಿಲ್ಲ ಎನ್ನುವುದು ಸಣ್ಣ ಸಂಗತಿಯಲ್ಲ.

ಮುಂಡಗೋಡವನ್ನೇ ನೋಡಬಹುದು. ಇಷ್ಟು ವರ್ಷ, ಇಷ್ಟು ಮಂದಿ ನಾಗರಿಕರಲ್ಲದವರು ಕನ್ನಡ ಹಳ್ಳಿಗಳ ಬದುವಿಗೆ ಬದು ತಾಗಿಸಿಕೊಂಡು ಬಾಳಿದ ಜಾಗ ರಾಜ್ಯದಲ್ಲಿ ಬೈಲುಕುಪ್ಪೆ ಬಿಟ್ಟರೆ ಇದೇ. ಈ ತಾಲ್ಲೂಕಿನ ಹೆಸರು ಕೇಳಿದಾಗ ಜಿಲ್ಲೆಯವರ ಕಣ್ಣಮುಂದೆ ಬರುವುದು ಗೊಂಪಾಗಳ, ಅಂದರೆ ಮಠಗಳ, ಹೊಂಬಣ್ಣದ ಶಿಖರ, ಅತ್ತಿವೇರಿಯ ಹಕ್ಕಿಗಳು. ಇಲ್ಲಿ ಭಿಕ್ಷುಗಳ ಸಂಖ್ಯೆ ಹೆಚ್ಚು, ಆದ್ದರಿಂದ ಇದು ಎಲ್ಲ ವಲಸಿಗರಿಗೂ ಅಳತೆಗೋಲಾಗದು. ಆದರೆ ಬಂದವರಿಗೆ ಭೂಮಿ, ಶಾಲೆ, ಆಸ್ಪತ್ರೆ, ತಮ್ಮದೇ ಹಿರಿಯರ ಆಡಳಿತ ಸಿಕ್ಕಿತು. ಊರಿನ ಗಲ್ಲಿಯಲ್ಲಿ ಬಾಡಿಗೆ ಕೋಣೆ ಹುಡುಕಿ ಬಾಗಿಲಿಂದ ಬಾಗಿಲಿಗೆ ಅಲೆಯುವ ಪಾಡು ಅವರಿಗೆ ಬರಲಿಲ್ಲ. ನಿಜಲಿಂಗಪ್ಪನವರ ಸರ್ಕಾರದ ಆ ತೀರ್ಮಾನವನ್ನು ಕರುಣೆ ಎಂದಷ್ಟೇ ಹೊಗಳಿ ಬಿಡುವುದು ಕಡಿಮೆಯಾಯಿತು. ಅದು ಒಳ್ಳೆಯ ಆಡಳಿತವೂ ಹೌದು.

ಹುಟ್ಟಿಗೂ ಅಪರಾಧಕ್ಕೂ ಗಂಟು ಹಾಕುವ ಚಾಳಿ ಈ ಸೀಮೆಗೆ ಹೊಸದಲ್ಲ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಕಳ್ಳರೆಂದು ಪಟ್ಟಿ ಮಾಡಿತು. ಪಟ್ಟಿಯಲ್ಲಿದ್ದವರು ಪೊಲೀಸರಿಗೆ ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ ಜಾಗಕ್ಕೆ ಈಗಲೂ ‘ಸೆಟ್ಲಮೆಂಟ್’ ಎಂದೇ ಹೆಸರು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯ್ದೆಯನ್ನು ಕಿತ್ತುಹಾಕಿತು. ಆರ್‌ಸಿಯನ್ನು ಅದಕ್ಕೆ ಸಮ ಎನ್ನುವುದು ಅನ್ಯಾಯವಾದೀತು. ಯಾವ ದೇಶಕ್ಕಾದರೂ ಹೊರಗಿನಿಂದ ಬಂದವರ ದಾಖಲೆ ಬೇಕು. ಆದರೆ ಇಲ್ಲೇ ಹುಟ್ಟಿದವನೂ ಪೊಲೀಸ್ ಕಚೇರಿಯಲ್ಲಿ ಮತ್ತೆ ಮತ್ತೆ ತನ್ನ ಇರವನ್ನು ಒಪ್ಪಿಸಬೇಕು ಎಂಬಲ್ಲಿ ಆ ಹಳೆಯ ಅನುಮಾನದ ನೆರಳಿದೆ.

ದಾಂಡೇಲಿ, ಜೋಯಿಡಾಗಳ ರೆಸಾರ್ಟು, ಹೋಂ ಸ್ಟೇಗಳಿಗೆ ಬರುವ ವಿದೇಶಿ ಪ್ರವಾಸಿಯ ವಿಷಯದಲ್ಲಿ ಇದೇ ಕಾನೂನು ಎಷ್ಟು ಹಗುರ! ಮಾಲೀಕರು 24 ಗಂಟೆಯೊಳಗೆ ಸಿ-ಫಾರ್ಮ್ ತುಂಬಿ ಕಳಿಸಿದರೆ ಮುಗಿಯಿತು. ಅಲ್ಪಾವಧಿ ವೀಸಾದ ಪ್ರವಾಸಿಗೆ ನೋಂದಣಿಯೇ ಬೇಡ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ ನಾಲ್ಕು ದಿನಕ್ಕೆ ಹೊರಡುವವರೂ ಮುಂಡಗೋಡದಲ್ಲಿ ಹುಟ್ಟಿ ಗೋವಿನಜೋಳ ಬೆಳೆಯುವವರೂ ಕಾನೂನಿನ ಕಣ್ಣಿಗೆ ಒಂದೇ ಪದದ ಕೆಳಗೆ ಬರುತ್ತಾರೆ: ವಿದೇಶೀಯರು.

ಕಾಗದ ಇದ್ದ ಮಾತ್ರಕ್ಕೆ ಅನುಮಾನ ಹೋಗುವುದಿಲ್ಲ ಎನ್ನುವುದು ಹಳಿಯಾಳದ ಸಿದ್ದಿಗಳಿಗೆ ಚೆನ್ನಾಗಿ ಗೊತ್ತು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಇರುವ ಅವರು ಈ ನೆಲದ ಪ್ರಜೆಗಳು. 2003ರಲ್ಲಿ ಉತ್ತರ ಕನ್ನಡದಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಅಷ್ಟಾದರೂ ಆಫ್ರಿಕಾ ಮೂಲದ ಮುಖ ಕಂಡೊಡನೆ ‘ಯಾವ ದೇಶ?’ ಎಂದು ಕೇಳುವವರು ಪೇಟೆಗಳಲ್ಲಿ ಇದ್ದೇ ಇದ್ದಾರೆ. ಬೆಂಗಳೂರಿನ ಹೆಸರಘಟ್ಟ ಬಳಿ 2016ರ ಜನವರಿ ಕೊನೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಸ್ಥಳೀಯ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಒಬ್ಬನ ತಪ್ಪಿಗೆ ಮೈಬಣ್ಣವೊಂದನ್ನೇ ಹೊಣೆ ಮಾಡಿದ ಆ ಸಂಜೆಯನ್ನು ಕರ್ನಾಟಕ ಮರೆಯಬಾರದು.

ಮುಂಡಗೋಡಕ್ಕೆ ನೇರವಾಗಿ ತಟ್ಟಿದ ತೀರ್ಪು 2013ರ ಆಗಸ್ಟಿನದು. ಡ್ರೆಪುಂಗ್ ಲೋಸೆಲಿಂಗ್ ಮಠದಲ್ಲಿ ಓದಿದ, 1985ರಲ್ಲಿ ಭಾರತದಲ್ಲಿ ಹುಟ್ಟಿದ ಲಿಂಗ್ ರಿನ್‌ಪೊಚೆ ಕರ್ನಾಟಕ ಹೈಕೋರ್ಟಿಗೆ ಹೋಗಿದ್ದರು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಜನ್ಮತಃ ನಾಗರಿಕರು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ನ್ಯಾಯಾಲಯ ಅದನ್ನು ಇದ್ದಂತೆಯೇ ಓದಿತು. ದೆಹಲಿ ಹೈಕೋರ್ಟು 2010ರಲ್ಲಿ ನಮಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ಓದಿದ್ದೂ ಹೀಗೆಯೇ. ಆಡಳಿತ ದಶಕಗಳ ಕಾಲ ಕಣ್ಣೆತ್ತಿ ನೋಡದ ಒಂದು ಸಾಲನ್ನು ಎತ್ತಿ ತೋರಿಸಿದ್ದು ಈ ತೀರ್ಪುಗಳ ದೊಡ್ಡ ಗುಣ.

ಅದನ್ನು ಜಾರಿಗೆ ತಂದ ರೀತಿ ಮಾತ್ರ ಒಪ್ಪುವಂಥದ್ದಲ್ಲ. 2017ರಲ್ಲಿ ಪಾಸ್‌ಪೋರ್ಟ್ ಕೊಡುವುದಕ್ಕೆ ಷರತ್ತುಗಳು ಬಂದವು: ಆರ್‌ಸಿ ರದ್ದು ಮಾಡಿಸಬೇಕು, ಟಿಬೆಟಿಯನ್ ವಸಾಹತಿನಲ್ಲಿ ಇರಬಾರದು, ಅಲ್ಲಿನ ಸವಲತ್ತು ಪಡೆಯಬಾರದು. ನಾಗರಿಕ ಎಂದು ಕೋರ್ಟು ಹೇಳಿದವನು ತನ್ನ ಹಕ್ಕು ಪಡೆಯಲು ಹುಟ್ಟಿದ ಮನೆ ಬಿಡಬೇಕು! ದೇಶದಲ್ಲಿ ಎಲ್ಲಿಯಾದರೂ ನೆಲೆಸಬಹುದು ಎನ್ನುವ 19ನೇ ವಿಧಿ ಕೈಗೆ ಬಂದ ಗಳಿಗೆಯಲ್ಲೇ, ನೀನು ಇಲ್ಲಿ ಮಾತ್ರ ನೆಲೆಸಬೇಡ ಎಂದಂತಾಯಿತು.

1987ರ ಗೆರೆ ಕ್ಯಾಂಪಿನ ಮನೆಗಳ ನಡುವೆಯೇ ಹಾದುಹೋಗುತ್ತದೆ. 1986ರಲ್ಲಿ ಹುಟ್ಟಿದ ಅಣ್ಣ ನಾಗರಿಕ, 1988ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ತಮ್ಮ, ತಾಯಿತಂದೆ ಇಬ್ಬರೂ ನಾಗರಿಕರಲ್ಲದಿದ್ದರೆ, ವಿದೇಶೀಯ. ಇಬ್ಬರೂ ಒಂದೇ ಹೊಲದಲ್ಲಿ ದುಡಿಯಬಹುದು. ಮತ ಹಾಕುವವನು ಒಬ್ಬನೇ. 2014ರ ಕೇಂದ್ರದ ಟಿಬೆಟಿಯನ್ ಪುನರ್ವಸತಿ ನೀತಿ ಪಡಿತರ, ಉದ್ಯೋಗ ಖಾತರಿಯಂಥ ಯೋಜನೆಗಳನ್ನೂ ಜಮೀನಿನ ಲೀಸನ್ನೂ ತಮ್ಮನವರೆಗೆ ತಲುಪಿಸುವ ಮಾತಾಡಿತು. ಅದು ನೀತಿ, ಹಕ್ಕಲ್ಲ; ರಾಜ್ಯಗಳು ಮನಸ್ಸು ಮಾಡಿದಷ್ಟೇ ಅದರ ಆಯುಸ್ಸು.

ಈಗ 1946ರ ವಿದೇಶೀಯರ ಕಾಯ್ದೆಯ ಜಾಗಕ್ಕೆ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ, 2025ರ ಸೆಪ್ಟೆಂಬರ್ 1ರಿಂದ ಜಾರಿಯಾಗಿದೆ. ಅದರ ವಿನಾಯಿತಿ ಆದೇಶದಲ್ಲಿ ನೋಂದಾಯಿತ ಟಿಬೆಟಿಯನ್ನರಿಗೆ ಜಾಗವಿದೆ, ಆದರೆ ಆ ರಕ್ಷಣೆಯೂ ನಿಂತಿರುವುದು ಆರ್‌ಸಿಯ ಮೇಲೆಯೇ. ಇಲ್ಲಿ ಹುಟ್ಟಿದವರಿಗೆ ಒಮ್ಮೆ ಕೊಟ್ಟರೆ ಬದುಕಿಡೀ ಉಳಿಯುವ ದಾಖಲೆಯನ್ನು ಕೊಡಬಹುದು. ನೋಂದಣಿಯನ್ನು ಪೊಲೀಸರ ಕೈಯಿಂದ ತಹಶೀಲ್ದಾರರ ಕಚೇರಿಗೆ ತರಬಹುದು. ಕಾಗದದ ತಪ್ಪುಗಳನ್ನು ಅಪರಾಧದ ಮೊತ್ತದಿಂದ ಬೇರ್ಪಡಿಸಿ ಪ್ರಕಟಿಸಬಹುದು. ಅಲ್ಲಿಯವರೆಗೆ 1988ರಲ್ಲಿ ಹುಟ್ಟಿದ ಆ ತಮ್ಮ, ನಾಲ್ಕು ದಶಕ ಸಮೀಪಿಸುತ್ತಿರುವ ವಯಸ್ಸಿನಲ್ಲೂ, ಮುಂದಿನ ನವೀಕರಣದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬಿತ್ತನೆಗೆ ಇಳಿಯಬೇಕಾಗಿದೆ.