ಬಯಲುಸೀಮೆಯವನ ಕಡಲ ವಿಹಾರ

ಹೊಸದುರ್ಗದ ಸೀಮೆಯಲ್ಲಿ ಬಿದ್ದ ಮಳೆಯು ವೇದಾವತಿಯೊಡನೆ ಹರಿದು, 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಜಲಾಶಯದಲ್ಲಿ ತಂಗಿ, ಹಿರಿಯೂರನ್ನು ಹಾದು, ತುಂಗಭದ್ರೆ ಕೃಷ್ಣೆಯರ ಮೂಲಕ ಮೂಡಣ ಸಮುದ್ರವನ್ನೇ ಸೇರತಕ್ಕದ್ದಾದರೂ, ಜಲವಿಹಾರದ ಅಭಿರುಚಿಯುಳ್ಳ ಚಿತ್ರದುರ್ಗದವನು ಹೊಳಲ್ಕೆರೆಯ ದಾರಿ ಹಿಡಿದು, ಶಿವಮೊಗ್ಗ ಸಾಗರಗಳನ್ನು ದಾಟಿ, ಘಟ್ಟವಿಳಿದು ಪಡುಗಡಲಿಗೇ ಹೋಗುವನು. ಹೋಗಬೇಕಾದುದೂ ಅಲ್ಲಿಗೇ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತಣ ಹವಳವೂ ಮತ್ಸ್ಯಸಂಕುಲವೂ ಒಂದು ಹಗಲಿನ ಪ್ರಯಾಣಕ್ಕೆ ದೊರೆಯುವ ಅಪೂರ್ವ ದರ್ಶನ.

ನೌಕಾವಿಹಾರವೆಂದೊಡನೆ ಬಿಳಿಯ ಹಾಯಿಯನ್ನು ಕಲ್ಪಿಸಿಕೊಳ್ಳುವವರು ನಿರಾಶರಾಗುವರು. ಹಾಯಿಯ ಪತ್ತೆಮಾರಿಗಳ ಕಾಲ ಮುಗಿದು, ಈಗ ನಮ್ಮನ್ನು ಹೊತ್ತೊಯ್ಯುವುದು ಡೀಸೆಲ್ ವಾಸನೆಯ ಯಂತ್ರದ ದೋಣಿ. ಆದರೂ ಗಾಳಿಯ ಶಾಸನ ಹಳೆಯದೇ: ರಾತ್ರಿ ನೆಲವು ನೀರಿಗಿಂತ ಬೇಗ ತಣಿಯುವುದರಿಂದ ಮುಂಜಾನೆ ನೆಲದಿಂದ ಕಡಲಿಗೆ ಬೀಸುವ ತಂಗಾಳಿ, ಹೊತ್ತೇರಿದಂತೆ ದಿಕ್ಕು ತಿರುಗಿಸಿ ಕಡಲಿನಿಂದ ನೆಲಕ್ಕೆ ಬಲವಾಗಿ ಬೀಸಿ ಅಲೆಯೆಬ್ಬಿಸುವುದು. ಆದುದರಿಂದ ಬೆಳಗಿನ ದೋಣಿಯನ್ನೇ ಹಿಡಿಯತಕ್ಕದ್ದು. ದೋಣಿಯ ಓಲಾಟಕ್ಕೆ ಹೊಟ್ಟೆ ತೊಳಸದಿರಲು ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವನ್ನು ದಡದಲ್ಲಿಯೇ ಬಿಟ್ಟು ಹೋಗತಕ್ಕದ್ದು. ಮುಂಗಾರಿನಲ್ಲಿ ಹೊಳೆಗಳು ತಂದು ಸುರಿದ ಕೆಸರು ತಿಳಿಯಾಗಬೇಕಾದುದರಿಂದ, ನನ್ನ ಮತದಲ್ಲಿ ಡಿಸೆಂಬರಿಗೆ ಮುನ್ನ ಹೊರಡುವುದು ಆತುರವೇ ಸರಿ.

ಇನ್ನು ಸ್ನಾರ್ಕ್ಲಿಂಗ್. ಬೆನ್ನಿಗೆ ಬೆಂಡನ್ನೋ ಸೋರೆಬುರುಡೆಯನ್ನೋ ಕಟ್ಟಿಸಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತ ನಮ್ಮವರಿಗೇ ಇದು ಮೊದಮೊದಲು ಕಷ್ಟವೆನಿಸುವುದು ವಿಚಿತ್ರ. ಬಾವಿಯ ಈಜುಗಾರ ತಲೆಯೆತ್ತಿ, ಉಸಿರು ಬಿಗಿಹಿಡಿದು, ಕೈಕಾಲು ಬಡಿದು ಮೆಟ್ಟಿಲು ಮುಟ್ಟುವವನು. ಇಲ್ಲಿಯೋ ಮುಖವನ್ನು ನೀರಿಗೊಪ್ಪಿಸಿ, ಬಾಯಲ್ಲಿ ಕಚ್ಚಿದ ಕೊಳವೆಯಿಂದ ನಿಧಾನವಾಗಿ ಉಸಿರಾಡುತ್ತ, ಎಲ್ಲಿಗೂ ಹೋಗದೆ ಸುಮ್ಮನೆ ತೇಲಬೇಕು. ಕೊಳವೆಯು ಮೊಳಕ್ಕಿಂತ ಉದ್ದವಿರದಿರುವುದು ಜಿಪುಣತನದಿಂದಲ್ಲ. ಉದ್ದವಾದಷ್ಟೂ ಬಿಟ್ಟ ನಿಶ್ವಾಸವೇ ಅದರಲ್ಲಿ ಉಳಿದು ಮರಳಿ ಒಳಸೇರುವುದಲ್ಲದೆ, ಆಳಕ್ಕಿಳಿದರೆ ನೀರಿನ ಒತ್ತಡ ಎದೆಯನ್ನು ಅರಳಗೊಡದು. ಕಣ್ಣಿಗೂ ನೀರಿಗೂ ನಡುವೆ ಗಾಳಿಯನ್ನು ಹಿಡಿದಿಡುವ ಮಾಸ್ಕ್ ಇಲ್ಲದಿದ್ದರೆ ಎಲ್ಲವೂ ಮಸುಕು. ಅದರ ಗಾಜು ಮಂಜಾಗದಂತೆ ಒಳಗೆ ಉಗುಳಿ ತೊಳೆಯುವ ಮಡಿಗೇಡಿನ ಉಪಾಯಕ್ಕೆ ಸಮನಾದುದು ಮತ್ತೊಂದಿಲ್ಲ. ಬೆಳಕಿನ ವಕ್ರೀಭವನದಿಂದ ಮೀನು ಕಾಲುಭಾಗ ಹತ್ತಿರವಾಗಿ, ಮೂರನೆಯ ಒಂದಂಶ ದೊಡ್ಡದಾಗಿ ಕಾಣುವುದರಿಂದ, ಊರಿಗೆ ಮರಳಿದವರು ಹೇಳುವ ಗಿಳಿಮೀನಿನ ಗಾತ್ರದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಸಮುದ್ರದ್ದೇ ಎಂದು ಕ್ಷಮಿಸಬಹುದು.

ಪುನೀತ್ ರಾಜ್‌ಕುಮಾರರ ‘ಗಂಧದ ಗುಡಿ’ ಚಿತ್ರದಲ್ಲಿ ನೇತ್ರಾಣಿಯನ್ನು ಕಂಡವರು ಸ್ಕೂಬಾವನ್ನೇ ಬಯಸುವುದು ಸಹಜ. ಆದರೆ ಸಿಲಿಂಡರಿನ ಭಾರ, ಕಿವಿಯ ಒತ್ತಡ, ಕೈಹಿಡಿದು ಒಯ್ಯುವ ಮಾರ್ಗದರ್ಶಿಯ ಅವಸರ ಇವುಗಳ ನಡುವೆ ನೋಡುವ ವ್ಯವಧಾನವೇ ಉಳಿಯದು. ಒಂದೇ ಬಂಡೆಯ ಮೇಲೆ ತೇಲುತ್ತ ಅದರ ಬಿರುಕುಗಳ ನಿವಾಸಿಗಳು ಹೊರಬರುವ ತನಕ ಕಾಯಬಲ್ಲವನಿಗೆ ಸ್ನಾರ್ಕೆಲ್ಲೇ ಮೇಲು. ಕಾಯುವಾಗ ದಣಿದರೂ ಹವಳದ ಮೇಲೆ ಕಾಲೂರಬಾರದು. ಅದು ಕಲ್ಲಲ್ಲ, ಜೀವ. ಕೊಳವೆಯಲ್ಲಿ ಉಸಿರಾಡುವ ಅಭ್ಯಾಸವನ್ನು ಮಾತ್ರ ಹೊರಡುವ ಮುನ್ನವೇ, ಮಾರಿಕಣಿವೆಯ ಹಿನ್ನೀರಿನಲ್ಲಲ್ಲ, ಜೊತೆಗೊಬ್ಬರನ್ನಿಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ಮಾಡಿಕೊಳ್ಳುವುದು ಲೇಸು. ಆಗ ನೇತ್ರಾಣಿಯಲ್ಲಿ ನೀರಿಗಿಳಿಯಲು ಸಿಗುವ ಅಲ್ಪಕಾಲವನ್ನು ಕೆಮ್ಮುತ್ತ ಕಳೆಯಬೇಕಾಗದು.